ಎಂಟು ಗಂಟೆಯ ಜರ್ಮನ್ ಜಿಲ್ಲಾವಾರ್ತೆ

ಮಸ್ಕತ್ತಿನ ಹಮ್ರಿಯಾದ ನಮ್ಮ ಮನೆಯ ಕೆಳಗಿನ ರಸ್ತೆಯನ್ನು ಯಾಕೆ ಅಗೆದಿದ್ದಾರೆಂದು ನನಗೆ ಗೊತ್ತಿಲ್ಲ. ಆದರೆ ಜರ್ಮನಿಯ ಒಂದು ಸಣ್ಣ ಪಟ್ಟಣದ ಕಲ್ಲುಸೇತುವೆಗೆ ಯಾಕೆ ಬೇಲಿ ಹಾಕಿದ್ದಾರೆ, ಅದರಿಂದಾಗಿ ಶಾಲೆಯ ಬಸ್ಸು ಯಾವ ಸುತ್ತುದಾರಿ ಹಿಡಿಯಬೇಕಾಗಿದೆ, ಈ ವಿಷಯದಲ್ಲಿ ಮೂಲೆಯ ಬ್ರೆಡ್ಡಿನಂಗಡಿಯಾಕೆಗೆ ಎಷ್ಟು ಸಿಟ್ಟು ಬಂದಿದೆ ಎಂಬುದೆಲ್ಲ ನನಗೆ ಕರತಲಾಮಲಕ. ಸಂಜೆ ಎಂಟಕ್ಕೆ, ನೆರೆಯ ಗೃಹಿಣಿಯರೆಲ್ಲ ಧಾರಾವಾಹಿಯ ಅತ್ತೆಯರ ಸನ್ನಿಧಿ ಸೇರುವ ಪ್ರಶಸ್ತ ಮುಹೂರ್ತದಲ್ಲಿ, ನಾನು ಹಿಟ್ಟಿನ ಕೈ ತೊಳೆದುಕೊಂಡು ಜರ್ಮನಿಯ ಸಾರ್ವಜನಿಕ ವಾಹಿನಿಯೊಂದರ ಪ್ರಾದೇಶಿಕ ವಾರ್ತೆಯ ಮುಂದೆ ಪ್ರತಿಷ್ಠಾಪಿತಳಾಗುತ್ತೇನೆ. ನನ್ನ ಜರ್ಮನ್ ಭಾಷಾಜ್ಞಾನವು ಶುಭಸಂಜೆಯಿಂದ ಆರಂಭವಾಗಿ ಶುಭಸಂಜೆಯಲ್ಲೇ ಪರಿಸಮಾಪ್ತಿಯಾಗುತ್ತದೆ ಎಂಬುದು ಬೇರೆ ಮಾತು. ಸಿಟ್ಟು ಬಂದ ಬ್ರೆಡ್ಡಿನಂಗಡಿಯಾಕೆಗೆ ಅನುವಾದಕರು ಬೇಕೇ?

ಈ ವ್ಯಸನ ಅಂಟಿದ್ದು ನಮ್ಮ ಒಬ್ಬಳೇ ಮಗಳು ಮೇಘನಾಳಿಂದ. ಮಸ್ಕತ್ತಿನ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ಭಾಷೆ ಕಲಿತು, ಪರೀಕ್ಷೆ ಬರೆದು, ಆ ದೇಶದ ಚಿಕ್ಕ ಊರೊಂದಕ್ಕೆ ಕೆಲಸ ಕಲಿಯಲು ಹೋದಳು. ದೂರ ಹೋದ ಮಗಳ ಊರಿನ ಗಾಳಿಯಾದರೂ ಪರದೆಯ ಮೇಲೆ ಬೀಸಲಿ ಎಂದು ನಾನು ಟೀವಿಯ ಇಂಟರ್‌ನೆಟ್ಟಿನಲ್ಲಿ ಆ ವಾಹಿನಿಯನ್ನು ಹುಡುಕಿ ತೆಗೆದೆ. ಬಂದದ್ದು ಮಗಳಿಗಾಗಿ, ಕುಳಿತದ್ದು ಮಾತ್ರ ಸುದ್ದಿಗಾಗಿ. ಎಂಥ ಸುದ್ದಿಗಳು ಅಂತೀರಿ. ಅಗ್ನಿಶಾಮಕ ಠಾಣೆಯ ಮಾಡಿನ ಮೇಲೆ ಕೊಕ್ಕರೆ ಗೂಡು ಕಟ್ಟಿದೆ, ಹಾಗಾಗಿ ಸೈರನ್ ಮೆಲ್ಲಗೆ ಊದುತ್ತಿದ್ದಾರೆ. ಒಬ್ಬ ಅಜ್ಜನ ಕುಂಬಳಕಾಯಿಯನ್ನು ಎತ್ತಲು ಕ್ರೇನ್ ಬಂದಿದೆ. ವರದಿಗಾರ್ತಿ ಆ ಅಜ್ಜನ ಮುಂದೆ ಮೈಕು ಹಿಡಿದು, ಪ್ರಧಾನಮಂತ್ರಿಯ ಎದುರು ಕುಳಿತಷ್ಟೇ ಗಾಂಭೀರ್ಯದಿಂದ ಪ್ರಶ್ನೆ ಕೇಳುತ್ತಾಳೆ. ಅಜ್ಜನೂ ಸರ್ಕಾರದ ಪರವಾಗಿಯೇ ಉತ್ತರಿಸುವವನಂತೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾನೆ.

ನನ್ನ ಕಾನ್ವೆಂಟಿನ ಸಿಸ್ಟರ್ ಬೆನಡಿಕ್ಟಾ ಇದನ್ನು ನೋಡಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಬೆಳಗಿನ ಪ್ರಾರ್ಥನೆಯ ನಂತರ ಸರದಿಯ ಪ್ರಕಾರ ನಾವು ವಾರ್ತೆ ಓದಬೇಕಿತ್ತು. ನಾನು ಒಮ್ಮೆ ಪತ್ರಿಕೆಯಿಂದ ಯಾವುದೋ ಖಂಡದ ಯುದ್ಧವನ್ನು ಬಾಯಿಪಾಠ ಮಾಡಿ ಗುಡುಗಿದಾಗ, ಸಿಸ್ಟರ್ ಶಾಂತವಾಗಿ, "ವೆರಿ ಗುಡ್ ಮಗಳೇ. ಈಗ ಹೇಳು, ನಮ್ಮ ಆಯಾ ಮೇರಿಯಮ್ಮ ನಿನ್ನೆಯಿಂದ ಯಾಕೆ ಬಂದಿಲ್ಲ?" ಎಂದಿದ್ದರು. ಇಡೀ ಶಾಲೆ ನಕ್ಕಿತ್ತು. ಮೇರಿಯಮ್ಮನ ಕಾಲು ಮುರಿದಿತ್ತು. ಯುದ್ಧದ ಭರದಲ್ಲಿ ನಾನು ಆ ಕಾಲನ್ನು ಗಮನಿಸಿರಲಿಲ್ಲ. ಗೇಟಿನೊಳಗಿನ ಸುದ್ದಿ ಮೊದಲು, ಗೇಟಿನಾಚೆಯದು ಆಮೇಲೆ ಎಂಬ ಸಿಸ್ಟರರ ವಾರ್ತಾನೀತಿಯನ್ನು ಒಂದು ಸರ್ಕಾರೇತರ, ಲಾಭೇತರ ವಾಹಿನಿ ಇಷ್ಟು ಶ್ರದ್ಧೆಯಿಂದ ಪಾಲಿಸುವುದನ್ನು ಕಂಡು ನನಗೆ ಶಾಲೆಯ ಕಡೆಯಿಂದಲೇ ಒಂದು ಹೆಮ್ಮೆ.

ಆದರೆ ನಮ್ಮ ಗೇಟಿನೊಳಗಿನ ಸುದ್ದಿಯನ್ನು ಮಾತ್ರ ನಾವು ಯಾರಿಗೂ ಪ್ರಸಾರ ಮಾಡಿರಲಿಲ್ಲ. ಮೇಘನಾ ಕಲಿಯುತ್ತಿರುವುದು ಚಿಮ್ನಿ ಗುಡಿಸುವ ಕೆಲಸ. ಅಲ್ಲಿಯ ಚಳಿಗೆ ಮನೆಮನೆಯಲ್ಲಿ ಒಲೆ, ಬಾಯ್ಲರು. ಮಾಡಿನ ಮೇಲೆ ಹೊಗೆಕೊಳವೆ. ಕಪ್ಪು ಉಡುಪು ತೊಟ್ಟು, ಏಣಿ ಹತ್ತಿ, ಉದ್ದನೆಯ ಕುಂಚದಿಂದ ಅದರ ಮಸಿ ತೆಗೆಯುವವರು ಬೇಕೇ ಬೇಕು. ವಿಷದ ಗಾಳಿ ಮನೆಯೊಳಗೆ ಉಳಿಯದಂತೆ ಯಂತ್ರ ಹಿಡಿದು ಅಳೆಯುವವರೂ ಅವರೇ. ನನಗಂತೂ ಕೇಳಿದ ದಿನವೇ ಎದೆಯುಬ್ಬಿತ್ತು. ನಮ್ಮವರಿಗೆ ಹಾಗಾಗಲಿಲ್ಲ. ಉಡುಪಿಯಲ್ಲಿರುವ ಅವರ ಅಣ್ಣ, ಅಂದರೆ ನನ್ನ ಭಾವ, ಫೋನಿನಲ್ಲಿ, "ಗುಡಿಸ್ಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲಿ ಹಿಡಿಸೂಡಿ ಇರ್ಲಿಲ್ವಾ?" ಎಂದುಬಿಟ್ಟರು. ಅಂದಿನಿಂದ ರೂವಿ ಬಡಾವಣೆಯ ಆಫೀಸಿನಲ್ಲಾಗಲಿ, ಶುಕ್ರವಾರದ ಭಜನೆಯಲ್ಲಾಗಲಿ ಯಾರು ಕೇಳಿದರೂ ನಮ್ಮವರ ಉತ್ತರ ಒಂದೇ: "ಎನರ್ಜಿ ಸೇಫ್ಟಿ ಕೋರ್ಸ್." ಸುಳ್ಳಲ್ಲ, ಮಸಿಯನ್ನು ಮಾತ್ರ ಒರೆಸಿದ ಸತ್ಯ. ಭಾವನ ಜೊತೆಗಂತೂ ಮಗಳ ವಿಷಯದ ಮಾತೇ ನಿಂತುಹೋಗಿತ್ತು.

ಹೀಗಿರುವಾಗ ಮೇಘನಾಳ ಫೋನು ಬಂತು. ಮರುಭೂಮಿಯ ಅಂಚಿನಿಂದ ಬಂದು ಚಿಮ್ನಿ ಹತ್ತುವ ಹುಡುಗಿ ಎಂದು ಅವಳನ್ನು ಪ್ರಾದೇಶಿಕ ವಾರ್ತೆಯವರು ಚಿತ್ರೀಕರಿಸಿದ್ದಾರೆ, ಗುರುವಾರ ತೋರಿಸುತ್ತಾರೆ. ಹೇಳಿ ಮುಗಿಸಿ, "ಪಪ್ಪ ನೋಡ್ತಾರಾ ಮಮ್ಮಿ? ನೀವೊಬ್ರೇ ಅಲ್ಲ. ಪಪ್ಪ?" ಎಂದಳು. ನೋಡುತ್ತಾರೆ ಎಂದೆ. ನಮ್ಮವರು ಪೇಪರಿನ ಮರೆಯಿಂದ, "ನೋಡುವ. ಆದ್ರೆ ಯಾರನ್ನೂ ಕರೀಬೇಡ ಮಾರಾಯ್ತಿ" ಎಂದರು. ಅಷ್ಟರಲ್ಲಿ ತಡವಾಗಿತ್ತು. ಲಿಫ್ಟಿನಲ್ಲಿ ಎದುರುಮನೆಯ ಸುಜಾತಕ್ಕ ಸಿಕ್ಕಿದ್ದರು, ಮಗಳು ಟೀವಿಯಲ್ಲಿ ಬರುತ್ತಾಳೆಂಬಷ್ಟು ಬಾಯಿಬಿಟ್ಟಿದ್ದೆ. ಹಮ್ರಿಯಾದ ಮಟ್ಟಿಗೆ ಸುಜಾತಕ್ಕನೇ ಪ್ರಾದೇಶಿಕ ಪ್ರಸಾರ ಕೇಂದ್ರ.

ಗುರುವಾರ ಸಂಜೆ ನಮ್ಮ ಪುಟ್ಟ ಹಾಲ್ ಭರ್ತಿಯಾಯಿತು. ಸುಜಾತಕ್ಕ, ಅಲ್ ಮಬೇಲಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಯಿರುವ ಅವರ ಗಂಡ ಜಯಂತಣ್ಣ, ನಮ್ಮವರ ಆಫೀಸಿನ ಹಿರಿಯ ಇಂಜಿನಿಯರ್ ಆದ ಮೈಸೂರಿನ ರಾಯರು. ಗೋಳಿಬಜೆ, ಸುಲೈಮಾನಿ ಚಹಾ, ಎಂಟು ಗಂಟೆ. ನಾನು ಎಂದಿನ ಅಭ್ಯಾಸದ ಕೈಯಿಂದ ವಾಹಿನಿ ಒತ್ತಿದೆ. ವೃತ್ತವೊಂದರಲ್ಲಿ ಹೂಗಿಡ ನೆಟ್ಟ ಸುದ್ದಿ ಬಂತು. ಕುರಿಮಂದೆ ರಸ್ತೆ ದಾಟಿತು. ಈಜುಕೊಳಕ್ಕೆ ಹೊಸ ನೀರು ಬಿಟ್ಟರು. "ಇಷ್ಟೆಲ್ಲ ನಮ್ಮ ಕಡೆ ಆದ್ರೆ ಕೌನ್ಸಿಲರ್ ಫೋಟೋ ಇಲ್ದೆ ಆಗ್ತಿತ್ತೇನ್ರಿ?" ಎಂದು ರಾಯರು ಮೆಚ್ಚಿಕೊಂಡರು. ಹವಾಮಾನ ಬಂತು, ಶುಭಸಂಜೆ ಬಂತು, ಮೇಘನಾ ಮಾತ್ರ ಬರಲಿಲ್ಲ.

"ಎಲೆಕ್ಷನ್ ಗಿಲೆಕ್ಷನ್ ಬಂದು ತೆಗ್ದಿರ್ಬಹುದು," ಜಯಂತಣ್ಣ ಸಮಾಧಾನ ಹೇಳುವಷ್ಟರಲ್ಲಿ ಮಗಳ ಫೋನು. ಗೌರವದ ಸಂದರ್ಭವೆಂದು ನಾನು ಸ್ಪೀಕರ್ ಒತ್ತಿದೆ.

"ನೋಡಿದ್ರಾ ಮಮ್ಮಿ?"

"ಕುರಿ ನೋಡಿದ್ವಿ ಮಗಾ. ನೀನು ಬರ್ಲಿಲ್ಲ."

"ಕುರಿಯಾ? ಮಮ್ಮಿ, ಯಾವ ರೀಜನ್ ಹಾಕಿದ್ದೀರಿ?"

ಆಗ ತಿಳಿಯಿತು ನೋಡಿ ನನ್ನ ಪಾಂಡಿತ್ಯದ ಆಳ. ನಮ್ಮ ಎಂಟು ಗಂಟೆಗೆ, ಅಂದರೆ ಅಲ್ಲಿಯ ಆರಕ್ಕೆ, ಆ ವಾಹಿನಿ ಹಲವು ಕವಲುಗಳಾಗಿ ಒಡೆಯುತ್ತದಂತೆ. ಒಂದೊಂದು ಪ್ರಾಂತ್ಯಕ್ಕೆ ಅದರದೇ ಅರ್ಧ ಗಂಟೆ, ಅದರದೇ ವಾರ್ತೆ, ಅದರದೇ ಮಳೆ. ಯಾವ ಪ್ರಾಂತ್ಯವೆಂದು ನಾವೇ ಆರಿಸಬೇಕು. ನಾನು ಆರಿಸದೆ, ತಾನಾಗಿ ತೆರೆದುಕೊಂಡ ಮೊದಲನೆಯದನ್ನೇ ಇಷ್ಟು ಕಾಲ ಮಗಳ ಊರೆಂದು ಸೇವಿಸುತ್ತ ಬಂದಿದ್ದೆ. ಅವಳ ಊರಿನ ಹೆಸರು ಹವಾಮಾನದ ನಕ್ಷೆಯಲ್ಲಿ ಕಾಣದಾಗ, ಪಾಪ ಸಣ್ಣ ಊರು, ನಮ್ಮ ತವರಿನ ಹೆಸರನ್ನು ಮಾತ್ರ ಯಾವ ನಕ್ಷೆಯವರು ಬರೆದಿದ್ದಾರೆ ಎಂದುಕೊಂಡಿದ್ದೆ. ಇನ್ನೂರು ಕಿಲೋಮೀಟರಿನಾಚೆಯ ಮಳೆಗೆ ಈ ಹುಡುಗಿ ಕೊಡೆ ಹಿಡಿದು ಹೋಗಬೇಕೆಂದು ದಿನವೂ ಫೋನಿನಲ್ಲಿ ಗದರಿಸಿದ್ದೆ.

"ಬಿಸಿಲಲ್ಲಿ ಎಷ್ಟು ಸಲ ಛತ್ರಿ ತಗೊಂಡು ಹೋಗಿದ್ದೇನೆ ಗೊತ್ತಾ?" ಎಂದಳು ಮಗಳು. ಸುಜಾತಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಜಯಂತಣ್ಣನಿಗೆ ಗೋಳಿಬಜೆ ನೆತ್ತಿಗೇರಿತು. ನಾನೂ ನಕ್ಕೆ, ನಗದೆ ಉಳಿಯುವ ಮಾರ್ಗವೆಲ್ಲಿತ್ತು?

ನಗದಿದ್ದವರು ನಮ್ಮವರೊಬ್ಬರೇ. ಅವರ ಭುಜ ಎರಡು ಅಂಗುಲ ಕೆಳಗಿಳಿದಿದ್ದನ್ನು ನಾನು ಕಂಡೆ. ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ನಿರಾಳ. ಯಾರೂ ಏನೂ ನೋಡಲಿಲ್ಲ. ಎನರ್ಜಿ ಸೇಫ್ಟಿಗೆ ಧಕ್ಕೆಯಾಗಲಿಲ್ಲ. ರಾಯರು ಏಳುವ ಸನ್ನಾಹದಲ್ಲಿ ಮಂಡಿ ತಟ್ಟಿಕೊಂಡು, "ಇರ್ಲಿ ಬಿಡಿ ಶೆಟ್ರೆ, ಇನ್ನೊಂದಿನ ನೋಡಿದ್ರಾಯ್ತು. ಎನರ್ಜಿ ಅಂದ್ರಲ್ಲ, ಮಗು ಮಾಡ್ತಿರೋದು ಸೋಲಾರ್ ತಾನೆ?" ಎಂದರು.

ಒಂದು 'ಹೌದು' ಸಾಕಿತ್ತು. ಫೋನು ನನ್ನ ಅಂಗೈಯಲ್ಲಿ ಹಾಗೇ ತೆರೆದಿತ್ತು; ಆ ಕಡೆ ಯಾರೋ ಉಸಿರು ಹಿಡಿದು ಕೇಳುತ್ತಿರುವುದು ಗೊತ್ತಾಗುತ್ತಿತ್ತು. ನಮ್ಮವರು ಫೋನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಹೇಳಿಕೊಡಬಹುದಾದ ಉತ್ತರ ಅದಲ್ಲ.

"ಸೋಲಾರ್ ಅಲ್ಲ ರಾಯರೇ," ಎಂದರು. "ಚಿಮ್ನಿ. ಮನೆ ಮನೆಯ ಚಿಮ್ನಿ ಗುಡಿಸ್ತಾಳೆ ನಮ್ಮ ಹುಡುಗಿ. ಕೂತ್ಕೊಳ್ಳಿ, ಹೋಗ್ಬೇಡಿ." ಆಮೇಲೆ ರಿಮೋಟು ತೆಗೆದುಕೊಂಡು ಫೋನಿಗೆ ಬಾಗಿ, "ಮೇಘಾ, ಈಗ ಆದದ್ದನ್ನು ವಾಪಸ್ ನೋಡ್ಲಿಕ್ಕೆ ಆಗ್ತದಾ? ಎಲ್ಲಿ ಒತ್ತುದು ಹೇಳು" ಎಂದರು. ಅವಳು ಹೇಳಿಕೊಟ್ಟ ದನಿ ಸ್ವಲ್ಪ ಒಡೆದಿತ್ತು. ನೆಟ್‌ವರ್ಕ್ ಎಂದು ಸುಜಾತಕ್ಕ ಭಾವಿಸಿದರು.

ಬಂದಳು. ಕೆಂಪು ಹೆಂಚಿನ ಮಾಡು, ಆಕಾಶದ ಅಂಚಿಗೆ ಏಣಿ, ಅದರ ತುದಿಯಲ್ಲಿ ಕಪ್ಪು ಅಂಗಿಯ ನನ್ನ ಮಗಳು, ಮೂಗಿನ ಮೇಲೆ ಮಸಿ. ಹೊಗೆಕೊಳವೆಯೊಳಗೆ ಕುಂಚ ಇಳಿಬಿಡುವಾಗ ಅವಳು ತುಟಿ ಕಚ್ಚಿಕೊಳ್ಳುವ ರೀತಿ, ಚಿಕ್ಕಂದಿನಲ್ಲಿ ರಂಗೋಲಿಯ ಎಳೆ ಎಳೆಯುವಾಗಿನದ್ದೇ. ಅವಳು ಕೆಳಗಿಳಿದಾಗ ಆ ಮನೆಯ ಮುದುಕಿ ಬಂದು, ಅಂಗಿಯ ಹಿತ್ತಾಳೆ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.

"ಅದೆಂತ ಮುಟ್ಟುದು?" ಎಂದರು ಸುಜಾತಕ್ಕ.

"ಆಂಟಿ, ಚಿಮ್ನಿಯವರನ್ನು ಮುಟ್ಟಿದ್ರೆ ಅದೃಷ್ಟ ಅಂತ ಇಲ್ಲಿ," ಎಂದಳು ಮಗಳು ಫೋನಿನಿಂದಲೇ.

ಸುಜಾತಕ್ಕ ಯೋಚಿಸಿದರು. "ನಮ್ಮಲ್ಲಾದ್ರೆ ಮಸಿ ಮೋರೆ ಎದುರು ಬಂತೂಂತ ಹೊರಟವರು ವಾಪಸ್ ಬಂದು ನೀರು ಕುಡೀತಿದ್ರು. ಅವ್ರು ಹೊರಗೆ ಬಂದು ಮುಟ್ಟುದು ನೋಡಿ."

ರಾಯರು ಮಾತ್ರ ಪರದೆಯತ್ತ ಬಾಗಿ ಆ ಮಾಡನ್ನೇ ನೋಡುತ್ತಿದ್ದರು. ಇಂಜಿನಿಯರರ ಲೆಕ್ಕಾಚಾರದಲ್ಲಿ ಈ ಮಸಿಗೆ ಯಾವ ಖಾನೆ ಎಂದು ಹುಡುಕುತ್ತಿದ್ದರೇನೋ. ಕೊನೆಗೆ, "ಆ ಇಳಿಜಾರಲ್ಲಿ ನನ್ನ ಕೈಲಿ ನಿಲ್ಲೋಕಾಗಲ್ಲ ಕಣ್ರಿ" ಎಂದರು. ಜಯಂತಣ್ಣ, "ಖಲಾಸ್, ನಮ್ಮ ಅಂಗಡಿಯ ಎಕ್ಸಾಸ್ಟಿಗೆ ಇನ್ನು ಮೇಘನಾಳೇ ಬರ್ಬೇಕು. ಟಿಕೆಟ್ ನಿಮ್ದು ಶೆಟ್ರೆ" ಎಂದು ಸೇರಿಸಿದರು. ನಮ್ಮವರು ವಾರ್ತೆಯನ್ನು ಮೊದಲಿನಿಂದ ಮತ್ತೊಮ್ಮೆ ಹಾಕುವುದರಲ್ಲಿದ್ದರು.

ಮರುದಿನ ಶುಕ್ರವಾರ, ಊರಿಗೆ ಫೋನು ಮಾಡುವ ವಾಡಿಕೆಯ ದಿನ. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಬಾಲ್ಕನಿಯಿಂದ ನಮ್ಮವರ ದನಿ ಕೇಳಿಸಿತು. ಅಣ್ಣನ ಎದುರು ಸಾಮಾನ್ಯವಾಗಿ ತಗ್ಗುವ ದನಿ, ಅಂದು ತಗ್ಗಿರಲಿಲ್ಲ. ತುರಿಮಣೆಯ ಸದ್ದು ಅಡ್ಡ ಬಾರದಿರಲಿ ಎಂದು ಕೈ ನಿಲ್ಲಿಸಿದೆ.

"ಹೌದಣ್ಣ, ಗುಡಿಸುವುದೇ. ಗುಡಿಸದಿದ್ರೆ ಮನೆಯೊಳಗೆ ಹೊಗೆ ತುಂಬಿ ಜನ ಮಲಗಿದಲ್ಲೇ ಹೋಗ್ತಾರೆ... ಇಲ್ಲ, ಅವಳಿಗೆ ಕಷ್ಟ ಅಂತ ಇಲ್ಲ. ಲಿಂಕ್ ಕಳಿಸಿದ್ದೇನೆ. ಅತ್ತಿಗೆಯನ್ನೂ ಕೂರಿಸಿಕೊಂಡು ನೋಡಿ. ನೋಡಿ ಆದ್ಮೇಲೆ ಅವಳಿಗೇ ಒಂದು ಫೋನ್ ಮಾಡಿ, ನನಗಲ್ಲ."