ಸಾಲಿನಲ್ಲಿ ನಿಂತು ಆಡಿದ ಕನ್ನಡ

ಕಾಶಿಯಲ್ಲಿರುವ ನಮ್ಮಂಥ ನಾಲ್ಕಾರು ಕನ್ನಡದ ಮನೆಗಳಿಗೆ ಒಂದು ಅನುಕೂಲವಿದೆ. ಎಲ್ಲಿ ಬೇಕಾದರೂ ನಿಂತು ಗುಟ್ಟು ಮಾತಾಡಬಹುದು. ಸೀರೆ ಅಂಗಡಿಯವನ ಎದುರೇ "ಇವನು ಟೋಪಿ ಹಾಕ್ತಿದ್ದಾನೆ" ಅಂದರೂ ಅವನು ನಗುತ್ತಾ ಚಹಾ ತರಿಸುತ್ತಾನೆ.

ನಾನು ಅರ್ಥಶಾಸ್ತ್ರದ ಮೇಷ್ಟ್ರು. ಸರ್ಕಾರ ಆರೋಗ್ಯಕ್ಕೆ ಎಷ್ಟು ಕಡಿಮೆ ಖರ್ಚು ಮಾಡುತ್ತದೆ, ಊರು ಇಷ್ಟು ಹೊಳೆಯುತ್ತಿದ್ದರೂ ಬಡವರು ಆಸ್ಪತ್ರೆಯ ಬಾಗಿಲಲ್ಲೇ ಏಕೆ ಉಳಿಯುತ್ತಾರೆ ಎಂದು ವರ್ಷವರ್ಷವೂ ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತೇನೆ. ಹೋದ ವರ್ಷ ಹೆಂಡತಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಾಗ, ಎಲ್ಲರಂತೆ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲೇ ನಿಲ್ಲೋಣ ಎಂದು ಘೋಷಿಸಿದೆ.

"ನಿಮ್ಮ ಪಾಠಕ್ಕೆ ನನ್ನ ಕುತ್ತಿಗೇನೇ ಬೇಕಿತ್ತಾ?" ಎಂದಳು. ಹೆದರಿದ್ದಳು. ನಾನೂ ಹೆದರಿದ್ದೆ, ಆದರೆ ತತ್ವದ ಹಿಂದೆ ಅಡಗಿಕೊಂಡಿದ್ದೆ.

ಸಾಲಿನಲ್ಲಿ ನಮ್ಮ ಹಿಂದೆ ಬಲಿಯಾ ಜಿಲ್ಲೆಯ ಕಡೆಯ ಹೆಂಗಸೊಬ್ಬಳಿದ್ದಳು. ಅವಳ ಕುತ್ತಿಗೆಯ ಗಂಟು ಇನ್ನೂ ದೊಡ್ಡದು. ಹೊತ್ತು ಹೋಗಲೆಂದು ಅವಳೂ ನನ್ನ ಹೆಂಡತಿಯೂ ಒಂದೇ ಪೊಟ್ಟಣದ ಕಡಲೆಕಾಯಿ ಸುಲಿದು ತಿಂದರು. ಕೊನೆಗೂ ಕಿಟಕಿ ತಲುಪಿದರೆ, ಇರುವ ಎರಡು ಸ್ಕ್ಯಾನ್ ಯಂತ್ರಗಳಲ್ಲಿ ಒಂದು ಕೆಟ್ಟಿದೆ, ರಿಪೇರಿಗೆ ಹಣ ಬಂದಿಲ್ಲ, ಹೋಳಿ ಕಳೆದ ಮೇಲೆ ಬನ್ನಿ ಎಂದರು. ಆಗಿನ್ನೂ ದೀಪಾವಳಿಯೇ ಬಂದಿರಲಿಲ್ಲ.

ನನ್ನ ತತ್ವ ಆ ಕಿಟಕಿಯ ಬುಡದಲ್ಲೇ ಬಿದ್ದುಹೋಯಿತು. ಅಲ್ಲೇ ನಿಂತು, ಅದೇ ಆಸ್ಪತ್ರೆಯಲ್ಲಿದ್ದ, ಪರಿಚಯದ ಕನ್ನಡದ ಡಾಕ್ಟರೊಬ್ಬರಿಗೆ ಫೋನ್ ಮಾಡಿದೆ. "ಸಾರ್, ನಮ್ಮನೆಯವರದು ಸಾರ್, ಹೇಗಾದ್ರೂ ನಾಳೇನೇ ಒಳಗೆ ಸೇರಿಸಿಬಿಡಿ ಸಾರ್." ಕನ್ನಡ ತಾನೇ, ಯಾರಿಗೆ ತಿಳಿಯುತ್ತದೆ ಎಂದು ದನಿಯನ್ನೂ ತಗ್ಗಿಸಲಿಲ್ಲ.

ಫೋನ್ ಜೇಬಿಗಿಡುವಷ್ಟರಲ್ಲಿ ಹಿಂದಿನವಳು ನನ್ನ ತೋಳು ಮುಟ್ಟಿದಳು. "ಜುಗಾಡ್ ಹೋ ಗಇಲ್, ಬಾಬೂಜೀ? ಹಮರೋ ಕರವಾ ದೀಂ." ವಶೀಲಿ ಆಯಿತಲ್ಲ, ನನ್ನದೂ ಮಾಡಿಸಿಕೊಡಿ ಎಂದು ಭೋಜಪುರಿಯಲ್ಲಿ ಕೇಳುತ್ತಿದ್ದಳು. ನನ್ನ ಬಾಗಿದ ಬೆನ್ನು ನೋಡಿಯೇ ಅವಳಿಗೆ ಎಲ್ಲ ತಿಳಿದಿತ್ತು. ತರಕಾರಿಯವನೊಡನೆ ಭೋಜಪುರಿಯಲ್ಲೇ ಚೌಕಾಸಿ ಮಾಡುತ್ತೇನೆಂದು ಊರಿಂದ ಬಂದ ಯಾತ್ರಿಕರ ಮುಂದೆ ಜಂಬ ಕೊಚ್ಚುವ ನಾನು, ಏನೂ ತಿಳಿಯದ ಹೊಸಬನಂತೆ ನಕ್ಕು ತಲೆಯಾಡಿಸಿ ಅಲ್ಲಿಂದ ಜಾರಿಕೊಂಡೆ.

ಮರುದಿನವೇ ಸ್ಕ್ಯಾನ್ ಆಯಿತು. ಉಳಿದ ಪರೀಕ್ಷೆಗಳೂ ಬೇಗ ಮುಗಿದವು. ಭಯಪಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿದ ದಿನ ಆಟೋದಲ್ಲಿ ಕೂತು ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಕಂಟೋನ್ಮೆಂಟ್ ಹತ್ತಿರ ಬಂದಾಗ ಹೆಂಡತಿ ಕೇಳಿದಳು: "ರೀ, ಅವತ್ತು ಆ ಹೆಂಗಸು ನಿಮ್ಮನ್ನ ಏನೋ ಕೇಳಿದ್ಲಲ್ಲ?"

"ಏನೋ ಕಣೆ, ಅವಳ ಭಾಷೆ ಸರಿಯಾಗಿ ತಿಳೀಲಿಲ್ಲ."

"ನಂಗೆ ತಿಳೀತು," ಎಂದು ಅವಳು ಮುಖ ಆಚೆ ತಿರುಗಿಸಿಕೊಂಡಳು.