ಎರಡು ಸಲ ತೀರಿಕೊಂಡ ಅಕ್ಕೋರು

ಅಕ್ಕೋರ ಬಲಗಿವಿಯ ಹಾಲೆ ನಟ್ಟನಡುವೆ ಸೀಳಿತ್ತು. ಹೊಲಿಗೆ ಬಿಚ್ಚಿದ ಜೇಬಿನ ಹಾಗೆ ಎರಡು ತುಂಡು ಜೋತುಬಿದ್ದಿದ್ದವು. ಸಿಟ್ಟು ಬಂದಾಗ ಒಂದೊಂದು ಒಂದೊಂದು ತಾಳಕ್ಕೆ ಅಲುಗುತ್ತಿದ್ದವು. ಎಡಗಿವಿಯಲ್ಲಿ ಮಾತ್ರ ಒಂಟಿ ಬೆಂಡೋಲೆ. ಬಲಗಿವಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಗೋಜಿಗೆ ಅವರು ಎಂದೂ ಹೋಗಲಿಲ್ಲ. ತಿಕೋಟಾದ ಶಾಲೆಯಲ್ಲಿ ನೆಲದ ಮೇಲೆ ಕುಳಿತ ನಮಗೆ ಕರಿಹಲಗೆಗಿಂತ ಮೊದಲು ಆ ಕಿವಿ ಕಾಣುತ್ತಿತ್ತು. ಮಗ್ಗಿ ಮರೆತಿದ್ದೇನೆ, ಕಿವಿ ಮರೆತಿಲ್ಲ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೆ ತಿಕೋಟಾದಲ್ಲಿ ಬರೀ ಅಕ್ಕೋರು ಎಂದರೆ ಇವರೊಬ್ಬರೇ. ಕಿವಿ ಹಿಂಡುವುದರಲ್ಲಿ ಅವರ ಕೈ ನುರಿತಿತ್ತು. ಯಾವಾಗಲೂ ಕಿವಿಯ ಮೇಲಂಚನ್ನೇ ಹಿಡಿಯುತ್ತಿದ್ದರು. ಹಾಲೆ ಮುಟ್ಟಿದ್ದನ್ನು ನಾನು ಕಾಣೆ. ನನ್ನ ಕಿವಿ ನನ್ನ ತಲೆಗಿಂತ ಅವರ ಕೈಯಲ್ಲೇ ಹೆಚ್ಚು ಕಾಲ ಕಳೆದಿದೆ.

ಅದಕ್ಕೆ ಕಾರಣ ನನ್ನ ಗಂಟಲು. ದೇವರು ನನಗೆ ಬುದ್ಧಿ ಹಾಕುವಾಗ ಕೈ ಬಿಗಿಹಿಡಿದು, ಗಂಟಲು ಹಾಕುವಾಗ ಧಾರಾಳವಾಗಿಬಿಟ್ಟ. ಬಸ್ಸಿನ ಕಂಡಕ್ಟರ್, ಒಣದ್ರಾಕ್ಷಿ ಹರಾಜು ಕೂಗುವವ, ಬಚ್ಚಲಲ್ಲಿ ಕೆಮ್ಮುವ ನನ್ನ ಸೋದರಮಾವ ಎಲ್ಲರೂ ನನ್ನ ಬಾಯಲ್ಲಿ ವಾಸವಾಗಿದ್ದರು. ಹುಡುಗಿಯರೆದುರು ಸೀಟಿ ಏಳದ ಕುಕ್ಕರಿನಂತಾಗುವ ನನ್ನದೇ ದನಿಯನ್ನೂ ನಾನು ಬಿಟ್ಟವನಲ್ಲ. ಅಕ್ಕೋರ ದನಿ ಮಾತ್ರ ಕಷ್ಟದ್ದು. ಒಣಗಿದ ದನಿ, ಏರಿಳಿತವಿಲ್ಲ. ವಾಕ್ಯದ ಕಡೆಯ ಪದ ಬಂದಾಗ ಗಡಿಗೆಯ ಮೇಲೆ ಮುಚ್ಚಳ ಇಟ್ಟ ಹಾಗೆ ಕೆಳಗಿಳಿಯುತ್ತಿತ್ತು. ನಾಲ್ಕನೇ ತರಗತಿಯಲ್ಲಿ ಅದನ್ನು ಹಿಡಿದೆ. ಹಿಡಿದ ದಿನವೇ ಹುಡುಗರ ಮುಂದೆ ಆಡಿ ತೋರಿಸಿದೆ: ಮಂಗವೊಂದು ಬಂದು ಬೆಂಡೋಲೆ ಎಳೆಯುತ್ತದೆ, ಅಕ್ಕೋರು ಅದಕ್ಕೆ ಎಂಟರ ಮಗ್ಗಿ ಕೇಳುತ್ತಾರೆ, ಮಗ್ಗಿ ಬಾರದ ಮಂಗ ಸಿಟ್ಟಿಗೆದ್ದು ಕಿವಿ ಹರಿಯುತ್ತದೆ. ನಗುತ್ತಿದ್ದ ಹುಡುಗರು ಒಮ್ಮೆಲೇ ಸುಮ್ಮನಾದಾಗಲೇ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ತಿಳಿದದ್ದು.

"ಮಂಗ್ಯಾ ಹರದಿದ್ದು ನೀ ನೋಡಿದೇನು?"

"ಇಲ್ರಿ ಅಕ್ಕೋರ."

"ನೋಡಿದಾಂವ ಯಾರರ ಹೇಳ್ಯಾನೇನು?"

"ಇಲ್ರಿ."

"ಮತ್ತ ಆಧಾರ ಏನು?"

ನನ್ನ ಹತ್ತಿರ ಇದ್ದದ್ದು ಹುಡುಗರ ನಗು. ಅದು ಆಗಲೇ ನನ್ನ ಕೈಬಿಟ್ಟಿತ್ತು.

"ಆಧಾರ ಇಲ್ಲದ ಮಾತು ಬಾಯಾಗ ಇಟ್ಕೋಬಾರದು. ಹೊರಗ ಹೋಗಿ ಉಗುಳಿ ಬಾ."

ನಿಜಕ್ಕೂ ಹೋಗಿ ಉಗುಳಿ ಬಂದೆ, ಮೂರು ಸಲ. ಮೂರನೆಯ ಸಲಕ್ಕೆ ಬಾಯಲ್ಲಿ ಉಗುಳೇ ಇರಲಿಲ್ಲ. ಅವರು ಕಿಟಕಿಯಿಂದ ಎಣಿಸುತ್ತಿದ್ದರು.

ಪಿಯುಸಿಗೆಂದು ವಿಜಯಪುರಕ್ಕೆ ಬಂದು ಅಥಣಿ ರಸ್ತೆಯಲ್ಲಿ ರೂಮು ಮಾಡಿದ್ದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಇಂಟರ್ನೆಟ್ಟಿನ ವಿಶ್ವಕೋಶ ಆಗ ನನ್ನ ಕೈಗೆ ಸಿಕ್ಕಿತು. ಯಾರು ಬೇಕಾದರೂ ಎಂದ ಮೇಲೆ ನಾನೂ ಆಯಿತಲ್ಲ. 'ಮಿಮಿಕ್ರಿ ಮಂಜ್ಯಾ' ಎಂಬ ಹೆಸರಿನಲ್ಲಿ ಒಳಹೊಕ್ಕು, ತಿಕೋಟಾದ ಪುಟದಲ್ಲಿ 'ಪ್ರಸಿದ್ಧ ವ್ಯಕ್ತಿಗಳು' ಎಂದು ತಲೆಬರಹ ಹಾಕಿ, ಮೂರು ವಾಕ್ಯ ಬರೆದೆ. ಇಲ್ಲಿನ ಶಾಲೆಯ ಅಕ್ಕೋರು ಮಕ್ಕಳ ಕಿವಿ ಹಿಂಡುವುದರಲ್ಲಿ ಪ್ರಸಿದ್ಧರು. ಒಮ್ಮೆ ಮಂಗವೊಂದು ಅವರ ಕಿವಿಯನ್ನೇ ಹರಿಯಿತು. ಆ ಗಾಯ ಮಾಯದೆ ಅವರು ತೀರಿಕೊಂಡರು.

ಅಂದು ಅವರು ಗಟ್ಟಿಮುಟ್ಟಾಗಿ ಯಾರದೋ ಕಿವಿ ಹಿಡಿದು ನಿಂತಿದ್ದಿರಬೇಕು. ಕೆಲವು ದಿನಗಳ ಮೇಲೆ ಯಾರೋ ಅದನ್ನು ಅಳಿಸಿದರು. ಮತ್ತೆ ಹಾಕಿದೆ. ಮತ್ತೆ ಅಳಿಸಿದರು. ಮೂರನೆಯ ಸಲ ಅಳಿಸಿದಾಗ ಬೇಸತ್ತು ಬಿಟ್ಟೆ. ಕೇಡಿಗತನಕ್ಕೂ ಹಾಜರಾತಿ ಬೇಕು. ನನಗೆ ಯಾವುದರಲ್ಲೂ ಇರಲಿಲ್ಲ.

ಇದಾಗಿ ವರ್ಷಗಳ ಮೇಲೆ ರಫೀಕ್ ಗೆಳೆಯನಾದ. ಸೊಲ್ಲಾಪುರ ರಸ್ತೆಯಲ್ಲಿ ಅವನ ಅಬ್ಬಾಜಾನ್ ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಎಂಜಿನಿಯರಿಂಗ್ ಮುಗಿಸಿದ ರಫೀಕ್ ಅದೇ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಯಾವುದೋ ಶಾಲೆಯಿಂದ ರಿಪೇರಿಗೆ ಬಂದ ಕಂಪ್ಯೂಟರಿನಲ್ಲಿ, ನೆಟ್ ಇಲ್ಲದೆಯೂ ಓದಲೆಂದು ಯಾರೋ ಆ ವಿಶ್ವಕೋಶವನ್ನು ಬರೆದವರ ಹೆಸರಿನ ಸಮೇತ ಇಡಿಯಾಗಿ ಇಳಿಸಿಟ್ಟಿದ್ದರು. ಶಾಲೆಯವರನ್ನು ಕೇಳಿ ಅದರ ನಕಲು ಮಾಡಿಕೊಂಡು, ಅದರ ಮೇಲೆ ಅವನೊಂದು ಯಂತ್ರ ಕಟ್ಟಿದ. ನಮ್ಮ ಮಾತಿನಲ್ಲಿ ಕೇಳಿದರೆ ವಿಶ್ವಕೋಶದೊಳಗೆ ಹುಡುಕಿ ಬಾಯಿಂದಲೇ ಉತ್ತರ ಹೇಳುವ ಯಂತ್ರ. ಬಾಯಿ ನನ್ನದು. ನಾನು ಕೊಟ್ಟ ದನಿಗಳಲ್ಲಿ ಅತಿ ಸ್ಪಷ್ಟವಾಗಿ ಕೂತದ್ದು ಅಕ್ಕೋರದು. ಅದನ್ನೇ ಮುಖ್ಯ ದನಿ ಮಾಡಿದೆವು.

ಇಂಥ ಯಂತ್ರ ಕಟ್ಟುವ ಸ್ಟಾರ್ಟಪ್‌ಗಳಿಗೆಂದೇ ಊರಿನ ಒಂದು ಕಾಲೇಜು ಸ್ಪರ್ಧೆ ಇಟ್ಟಿತು. ಗೆದ್ದವರಿಗೆ ಒಂದು ವರ್ಷ ಕೆಲಸ ಮಾಡಲು ಕೋಣೆ, ಸಂಬಳ. ಅಬ್ಬಾಜಾನ್ ರಫೀಕ್‌ಗೆ ಒಂದೇ ಮಾತು ಹೇಳಿದ್ದರು: "ಗೆದ್ದರ ನಿನ್ನ ದಾರಿ ನಿನಗ. ಸೋತರ ನಾಳಿಂದ ತಂತಿ ಸುತ್ತು." ರಫೀಕ್‌ಗೆ ತಂತಿ ಕಂಡರೆ ಜ್ವರ ಬರುತ್ತಿತ್ತು.

ಸ್ಪರ್ಧೆಗೆ ವಾರ ಇರುವಾಗ ಅವನು ಕೇಳಿದ. "ಈ ಪ್ರತಿ ಹಳೇದೈತಿಲೇ. ಹೊಸಾದು ಇಳಿಸಿಕೊಳ್ಳೂನೇನು?"

"ತಿಕೋಟಾ, ಹೊನವಾಡ ಎದ್ದು ಎಲ್ಲಿಗಿ ಓಡಿ ಹೋಗ್ತಾವಲೇ? ಹಳೇದ ಇರಲಿ." ಹೀಗೆ ಹೇಳಿದ ಜಾಣ ನಾನು.

ಸ್ಪರ್ಧೆಯ ದಿನ ಸಭಾಂಗಣದಲ್ಲಿ ತೀರ್ಪುಗಾರರ ಕುರ್ಚಿಯ ಕಡೆ ನೋಡಿದವನಿಗೆ ಮೊದಲು ಕಂಡದ್ದು ಆ ಕಿವಿ. ನಿವೃತ್ತರಾದ ಅಕ್ಕೋರು ಇಷ್ಟು ವರ್ಷ ಆ ವಿಶ್ವಕೋಶದಲ್ಲಿ ನಮ್ಮ ಭಾಗದ ಊರುಗಳ ಪುಟಗಳನ್ನು ಬರೆದು ತಿದ್ದುತ್ತಿದ್ದರೆಂದು, ಅದಕ್ಕೇ ಅವರನ್ನು ಕರೆದಿದ್ದಾರೆಂದು ಪ್ರಾಧ್ಯಾಪಕರೊಬ್ಬರು ಪರಿಚಯ ಮಾಡಿಕೊಡುತ್ತಿದ್ದರು. "ದನಿ ಬದಲಿಸಲೇ" ಎಂದು ರಫೀಕನ ಕಿವಿಯಲ್ಲಿ ಉಸುರಿದೆ. ಅದಕ್ಕೆ ಅರ್ಧ ದಿನ ಬೇಕಲೇ ಎಂದ ಅವನು.

ಅಕ್ಕೋರ ಪದ್ಧತಿ ಸರಳವಾಗಿತ್ತು. ತಾವೇ ಹಿಂದೆ ಅಳಿಸಿದ ತಪ್ಪುಗಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಇಟ್ಟಿದ್ದರು. ಅದರಿಂದ ತಂಡಕ್ಕೊಂದು ಪ್ರಶ್ನೆ. ಹಳಸಿದ್ದನ್ನು ಬಡಿಸುವವರು ಯಾರು ಎಂದು ಅಷ್ಟರಲ್ಲೇ ತಿಳಿಯುತ್ತಿತ್ತು.

ಮೊದಲ ತಂಡದವರು ಮೂವರೂ ಒಂದೇ ಬಣ್ಣದ ಕೋಟು ತೊಟ್ಟಿದ್ದರು. ಹೊನವಾಡದಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿದರೆ ಅವರ ಯಂತ್ರ "ಕಾಫಿ" ಎಂದಿತು.

"ಹೊನವಾಡಕ್ಕ ಹೋಗೀರೇನು?"

"ಇಲ್ಲ ಮೇಡಂ."

"ದಿನಾ ಬಸ್ ಅದಾವ. ಹೋಗಿ ಕಾಫಿ ಕುಡದ ಬರ್ರಿ. ಕೋಟು ಇಲ್ಲೇ ಬಿಟ್ಟು ಹೋಗ್ರಿ, ಅಲ್ಲಿ ಬೆಳಿಯೂದು ದ್ರಾಕ್ಷಿ, ಕಲೆ ಹತ್ತತಾವ."

ಎರಡನೆಯದು ಇಬ್ಬರು ಹುಡುಗಿಯರ ತಂಡ. ಉತ್ತರ ಸರಿ ಇತ್ತು, ಆದರೆ ಬರೆದವರ ಹೆಸರು ಎಲ್ಲೂ ಕಾಣದಂತೆ ತಮ್ಮ ಕಂಪನಿಯ ಚಿಹ್ನೆ ಹೊಡೆದಿದ್ದರು. ಯಾಕೆ ಎಂದರೆ, "ಫ್ರೀ ಐತಲ್ರಿ ಮೇಡಂ."

"ಫ್ರೀ ಐತಿ ಅಂದ್ರ ತಾನ ಹುಟ್ಟೇತೇನು? ಮಂದಿ ಮದುವ್ಯಾಗಿನ ಊಟ ಡಬ್ಬಿಗಿ ತುಂಬಿ, ಹೊರಗ ನಿಮ್ಮ ಹೆಸರು ಹಚ್ಚಿ ಮಾರಾಕತ್ತೀರಿ."

ಅದರಲ್ಲೊಬ್ಬಳು ಅಳತೊಡಗಿದಳು. ಅಕ್ಕೋರು ನೋಟ್‌ಬುಕ್ಕಿನ ಹಾಳೆ ತಿರುವಿದರು. ಅಳು ಮುಗಿಯಲೆಂದು ಕಾದವರಲ್ಲ.

ಮೂರನೆಯವರು ನಾವು. ರಫೀಕ್ ಯಂತ್ರ ಹಚ್ಚಿದ. "ನಮಸ್ಕಾರ, ಏನ ಕೇಳ್ತೀರಿ ಕೇಳ್ರಿ" ಎಂದು ಅಕ್ಕೋರ ದನಿ ಸಭಾಂಗಣವನ್ನೆಲ್ಲ ತುಂಬಿತು. ಜನ ಒಮ್ಮೆ ಯಂತ್ರವನ್ನೂ ಒಮ್ಮೆ ತೀರ್ಪುಗಾರರನ್ನೂ ನೋಡಿ ಬಿದ್ದು ಬಿದ್ದು ನಕ್ಕರು. ಅಕ್ಕೋರು ನಗಲಿಲ್ಲ. ನೋಟ್‌ಬುಕ್ಕಿನ ಮೊಟ್ಟಮೊದಲ ಹಾಳೆಗೆ ಹೋದರು.

"ತಿಕೋಟಾ ಸಾಲಿ ಅಕ್ಕೋರ ಬಗ್ಗೆ ಹೇಳ."

ನನ್ನ ಮೂರು ವಾಕ್ಯ, ಅಳಿಸುವ ಮೊದಲೇ ಯಾರೋ ಇಳಿಸಿಟ್ಟ ಆ ಹಳೆಯ ಪ್ರತಿಯೊಳಗೆ ಬೆಚ್ಚಗೆ ಕೂತಿದ್ದವು. ಯಂತ್ರ ಅವನ್ನು ಒಂದಕ್ಷರ ಬಿಡದೆ, ಅಕ್ಕೋರದೇ ದನಿಯಲ್ಲಿ, ಅಕ್ಕೋರ ಎದುರಿಗೇ ಓದಿತು. ಕಿವಿ ಹಿಂಡುವುದು. ಮಂಗ. "ಆ ಗಾಯ ಮಾಯದೆ ಅವರು ತೀರಿಕೊಂಡರು" ಎಂಬಲ್ಲಿ ಕಡೆಯ ಪದ ಗಡಿಗೆಗೆ ಮುಚ್ಚಳ ಇಟ್ಟ ಹಾಗೆ ಇಳಿಯಿತು. ಎಷ್ಟು ಚೆನ್ನಾಗಿ ಅಣಕಿಸಿದ್ದೇನೆಂದು ನನಗೇ ಭಯವಾಯಿತು.

ಇಡೀ ಸಭಾಂಗಣದ ಕಣ್ಣು ಆ ಸೀಳಿದ ಹಾಲೆಯ ಮೇಲೆ ನೆಟ್ಟಿತ್ತು. ಅದು ಅಲುಗಲಿಲ್ಲ.

"ಇದನ್ನ ಬರದಾಂವ ಯಾರು?"

ಪ್ರತಿ ಉತ್ತರಕ್ಕೂ ಬರೆದವರ ಹೆಸರು ತೋರಿಸುವ ಗುಂಡಿಯೊಂದನ್ನು ರಫೀಕ್ ಹಠ ಹಿಡಿದು ಮಾಡಿದ್ದ. ಯಾರಿಗೆ ಬೇಕಲೇ ಅದು ಎಂದು ನಾನು ಗೇಲಿ ಮಾಡಿದ್ದೆ. ಅವನು ನನ್ನ ಕಡೆ ನೋಡದೆ ಗುಂಡಿ ಒತ್ತಿದ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ 'ಮಿಮಿಕ್ರಿ ಮಂಜ್ಯಾ' ಎಂದು ಮೂಡಿತು. ಹತ್ತು ನಿಮಿಷದ ಹಿಂದೆ ವೇದಿಕೆ ಹತ್ತಿ ಅದೇ ಹೆಸರು ಕೂಗಿ ಕೈಬೀಸಿದವನು ಅದರ ಕೆಳಗೇ ನಿಂತಿದ್ದೆ.

ಅಕ್ಕೋರು ತೀರ್ಪು ಹೇಳಲು ಎದ್ದು ನಿಲ್ಲಲೂ ಇಲ್ಲ. "ಯಾವ ಯಂತ್ರಾನೂ ಇವತ್ತಿಲ್ಲಾ ನಾಳೆ ಸುಳ್ಳು ಹೇಳ್ತದ. ಯಾರ ಸುಳ್ಳು ಅಂತ ತೋರಿಸಿದ್ದು ಇದೊಂದ. ಯಂತ್ರ ಆ ಹುಡುಗ ಮಾಡ್ಯಾನ, ಅವಗ ಕೋಣಿ ಕೊಡ್ರಿ. ಸುಳ್ಳು ಈ ಹುಡುಗ ಹಾಕ್ಯಾನ, ಇವನ್ನ ಹೊರಗ ಹಾಕ್ರಿ."

ರಫೀಕ್ ಅತ್ತ. ಸಂತೋಷಕ್ಕೋ ನನಗಾಗಿಯೋ ನಾನು ಕೇಳಲಿಲ್ಲ. ಕೋಣೆ ಬೇಡವೆಂದು ಅವನು ಹೇಳಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ.

ಹೊರಗೆ ಗೇಟಿನ ಬಳಿ ಆ ಇಬ್ಬರು ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಮಾನ ಹೋದವನಿಗೆ ಉಳಿದದ್ದು ಗಂಟಲೊಂದೇ. "ಹೋಗಿ ಕಾಫಿ ಕುಡದ ಬರ್ರಿ" ಎಂದು ಅಕ್ಕೋರ ದನಿ ತೆಗೆದೆ. ಹುಡುಗಿಯರು ನಗಲು ಶುರುಮಾಡಿ ಅರ್ಧಕ್ಕೇ ನಿಂತರು. ಆ ನಿಲ್ಲುವಿಕೆ ನನಗೆ ನಾಲ್ಕನೇ ತರಗತಿಯಿಂದ ಪರಿಚಯ.

"ಕಡೀ ಪದ ಇನ್ನಾ ಕೆಳಗ ಇಳೀಬೇಕು" ಎಂದರು ಹಿಂದಿನಿಂದ. "ರವಿವಾರ ತಿಕೋಟಾಕ್ಕ ಬಾ. ಉಗುಳೂದು ಬಾಕಿ ಐತಿ."

ಹೋದೆ. ಯಾಕೆ ಹೋದೆನೆಂದು ಈಗಲೂ ತಿಳಿಯದು. ಮೊದಲ ರವಿವಾರ ನೀರು ಕೂಡ ಕೊಡದೆ ನೋಟ್‌ಬುಕ್ಕು ಕೊಟ್ಟರು. "ನಾ ಸತ್ತ ಸುದ್ದಿ ತಗಿಯಾಕಂತ ಕಂಪ್ಯೂಟರಿನ ಗುಂಡಿ ಒತ್ತೂದು ಕಲತೆ. ತಗದ ಮ್ಯಾಲ ನೋಡಿದ್ರ ಬಾಜೂ ಊರಿಂದೂ ತಪ್ಪ ಇತ್ತು. ನಿಂದು ಉಪಕಾರ ಆತು ನೋಡ." ಬರೆದವನು ನಾನೇ ಎಂದು ಅವರಿಗೆ ಮೊದಲ ದಿನವೇ ತಿಳಿದಿತ್ತಂತೆ. ಮಂಗನ ಕಥೆ ಕಟ್ಟಿದವನು ಊರಲ್ಲಿ ಒಬ್ಬನೇ ಇದ್ದ.

ಅಲ್ಲಿಂದ ಪ್ರತಿ ರವಿವಾರ ನಾನು ಅವರ ಕೈಚೀಲ ಹೊತ್ತು ಹೊನವಾಡ, ಬಬಲೇಶ್ವರ ಎಂದು ಸುತ್ತಿದೆ. ಒಂದು ಬಾವಿಯ ಬಗ್ಗೆ ಎರಡು ಸಾಲು ಬರೆಯಲು ಮೂರು ಬಸ್ಸು ಹತ್ತುತ್ತಿದ್ದೆವು. ಹಿರಿಯರು ಏನಾದರೂ ಹೇಳಿದರೆ "ಬರದಿಟ್ಟದ್ದು ಐತೇನ್ರಿ?" ಎಂದು ಮುಖಕ್ಕೇ ಕೇಳಿ ಅವರ ಸಂಭ್ರಮವನ್ನು ಅಲ್ಲೇ ಹಿಸುಕುತ್ತಿದ್ದರು. ಊಟ ಆಯಿತು ಎಂದು ನಾನು ಹೇಳಿದರೆ "ಆಧಾರ?" ಎಂದು ಕೇಳಿ ನನ್ನ ಕೈ ಮೂಸಿ ನೋಡುತ್ತಿದ್ದರು. ಒಂದು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ. ನಾನು ಬರೆದ ಹತ್ತು ಸಾಲಿನಲ್ಲಿ ಎಂಟು ಹೊಡೆದುಹಾಕಿ, ಉಳಿದ ಎರಡನ್ನು ಅನುಮಾನದಿಂದ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಬಬಲೇಶ್ವರದಿಂದ ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ, ನಾನು ಅವರ ಬಲಕ್ಕೆ ಕುಳಿತಿದ್ದೆ. ಹಾಲೆ ನನ್ನ ಕಣ್ಣಿನ ನೇರಕ್ಕಿತ್ತು. ಬಾಯಿ ತಡೆಯಲಿಲ್ಲ.

"ಅಕ್ಕೋರ, ಖರೇವಂದ್ರ ಅದು ಹೆಂಗ ಹರೀತ್ರಿ?"

ಅವರು ಹೊರಗೆ ನೋಡುತ್ತಲೇ ಹೇಳಿದರು. "ಮದುವ್ಯಾದ ಮೂರನೇ ತಿಂಗಳು. ನನ್ನ ಗಂಡಗ ಬೆಂಡೋಲಿ ಬೇಕಾಗಿತ್ತು. ನಾ ಬಿಚ್ಚಾಕ ತಡಾ ಮಾಡಿದೆ."

ಬಸ್ಸು ಎರಡು ಕಡೆ ನಿಂತು ಹೊರಟಿತು.

"ಮಂಗ್ಯಾ ಅಂತ ಬರದಿದ್ದಿ. ಭಾಳ ತಪ್ಪೇನ ಇದ್ದಿಲ್ಲ. ಆಧಾರ ಇದ್ದಿಲ್ಲ, ಅದಕ್ಕ ತಗದೆ."

ನನ್ನ ಕಿವಿಯ ಮೇಲಂಚು ಯಾರೂ ಮುಟ್ಟದೆ ಬಿಸಿಯಾಯಿತು. ಕ್ಷಮೆ ಕೇಳಲು ಬಾಯಿ ತೆರೆದರೆ ಯಾರ ದನಿಯೂ ಬರಲಿಲ್ಲ, ನನ್ನದು ಕೂಡ.

ಆ ಮೇಲೊಂದು ರವಿವಾರ ರಫೀಕ್ ಬಂದ. ಹೊಸ ಪ್ರತಿ ಹಾಕಿ ಯಂತ್ರವನ್ನು ಮತ್ತೆ ಕಟ್ಟಿದ್ದ, ಅಕ್ಕೋರ ದನಿಯನ್ನು ತೆಗೆದುಹಾಕುವುದಾಗಿ ಹೇಳಲು ಬಂದಿದ್ದ. ಅಕ್ಕೋರು ಯೋಚಿಸಿ, "ಉತ್ತರ ಸಿಗದಾಗ ಏನ ಹೇಳ್ತದ ಅದು?" ಎಂದರು.

"ಏನರ ಹತ್ತಿರದ್ದು ಹುಡುಕಿ ಹೇಳ್ತದ್ರಿ."

"ಹಂಗ ಮಾಡಬ್ಯಾಡ. ಗೊತ್ತಿಲ್ಲ ಅನ್ನಸು, ಯಾಕ ಅಂತನೂ ಹೇಳಸು. ಆ ಮಾತು ನಿಮ್ಮ ವಯಸ್ಸಿನವರ ಬಾಯಿಂದ ಹೊರಡೂದಿಲ್ಲ. ಅದೊಂದು ನನ್ನ ದನ್ಯಾಗ ಇರಲಿ." ಆಮೇಲೆ ನನ್ನ ಕಡೆ ತಿರುಗಿ, "ಕಡೀ ಪದ ಇಳಿಸಿ ಹೇಳು" ಎಂದರು. ಅವರೆದುರಿಗೇ ಅವರಾಗಿ ಹದಿನಾಲ್ಕು ಸಲ ಹೇಳಿದೆ. ಹದಿನೈದನೆಯದನ್ನು ಒಪ್ಪಿದರು.

ಈ ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಕುಳಿತವರು ಏಳಲಿಲ್ಲವೆಂದು ಅವರ ತಂಗಿಯ ಮಗ ಫೋನು ಮಾಡಿದ. ನಾನು ರಫೀಕ್‌ಗೆ ಫೋನು ಮಾಡಿ ಹೇಳಿದೆ. ಅವನು ನಂಬಲಿಲ್ಲ.

"ಮಂಜ್ಯಾ, ನೀ ಒಮ್ಮೆ ಸಾಯಿಸಿದಾಂವಲೇ. ಯಾರ ಹೇಳ್ಯಾರ? ನೀ ನೋಡಿಯೇನು?"

ತಿಕೋಟಾಕ್ಕೆ ಹೋಗಿ ನೋಡಿದೆ. ಎಡಗಿವಿಯ ಬೆಂಡೋಲೆಯನ್ನು ಯಾರೋ ಬಿಚ್ಚಿದ್ದರು, ನಿಧಾನವಾಗಿ, ಹಾಲೆಗೆ ಏನೂ ಆಗದಂತೆ. ಹೊರಗೆ ಹೋಗಿ ರಫೀಕ್‌ಗೆ ಹೇಳಿದೆ: ನೋಡಿದೆ.

ನಾನೀಗ ಆಟೋದಲ್ಲಿ ಕುಳಿತು ಸೀರೆ ಅಂಗಡಿಯ ರಿಯಾಯಿತಿಯನ್ನು ಮೈಕಿನಲ್ಲಿ ಕೂಗುತ್ತೇನೆ, ರವಿವಾರ ಅವರ ನೋಟ್‌ಬುಕ್ಕು ಹಿಡಿದು ಊರು ಸುತ್ತುತ್ತೇನೆ. ಮೊನ್ನೆ ರಫೀಕನ ಕೋಣೆಗೆ ಹೋಗಿದ್ದೆ. ಅವನು ಚಹಾ ತರಲು ಹೋದಾಗ ಯಂತ್ರದ ಮುಂದೆ ಬಾಗಿ ಮೆಲ್ಲಗೆ ಕೇಳಿದೆ: "ತಿಕೋಟಾ ಸಾಲಿ ಅಕ್ಕೋರು ಈಗ ಅದಾರೇನು, ಇಲ್ಲೇನು?"

ಅದು ಸ್ವಲ್ಪ ಹುಡುಕಿತು. ಆಮೇಲೆ, ನಾನು ಹದಿನೈದು ಸಲ ಕಲಿತ ದನಿಯಲ್ಲಿ, ಕಡೆಯ ಪದವನ್ನು ಸರಿಯಾಗಿ ಕೆಳಗಿಳಿಸಿ ಹೇಳಿತು:

"ಗೊತ್ತಿಲ್ಲ. ಆಧಾರ ಸಿಗಲಿಲ್ಲ."