ಅಪ್ಪ ಮುಚ್ಚಿಟ್ಟ ಕಣ್ಣು

ಅಪ್ಪ ಪೇಪರ್ ಓದಿ ಎದ್ದರೆ ಮೂಗಿನ ತುದಿಗೆ ಶಾಯಿ ಹತ್ತಿರುತ್ತಿತ್ತು. ದಪ್ಪ ಕನ್ನಡಕ ತೆಗೆದಿಟ್ಟು, ಹಾಳೆಯನ್ನು ಮುಖಕ್ಕೆ ಒತ್ತಿಕೊಂಡಂತೆ ಹಿಡಿದು ಓದುತ್ತಿದ್ದರು. ಉಡುಪಿ ಕಡೆಯಿಂದ ಮುಂಬಯಿಗೆ ಬಂದವರು; ಮಹಾಪೆಯ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ಪರಿಶೀಲಿಸುವ ಕೆಲಸ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರು ಗೋಡೆಗೆ ಫೋಟೊ ತೂಗುಹಾಕಿದರೂ ನೇರ ಇದೆಯೇ ನೋಡಲು ಅಪ್ಪನನ್ನು ಕರೆಯುತ್ತಿದ್ದರು. "ಎಡಗಡೆ ಒಂದು ನೂಲಿನಷ್ಟು ಎತ್ತಿ" ಎನ್ನುತ್ತಿದ್ದರು. ಅಷ್ಟಕ್ಕೇ ಸರಿಯಾಗುತ್ತಿತ್ತು.

ಒಂದು ದಿನ ಆಫೀಸಿನಲ್ಲಿ, ನಕ್ಷೆಯ ಗೆರೆ ಬಾಗಿದೆಯೆಂದು ಸಹೋದ್ಯೋಗಿಯನ್ನು ಎಲ್ಲರೆದುರು ಬೈದರಂತೆ. ಉಳಿದವರು ಬಂದು ನೋಡಿದರೆ ಗೆರೆ ನೇರವಾಗಿಯೇ ಇತ್ತು. ಅಪ್ಪ ಒಂದೊಂದೇ ಕಣ್ಣು ಮುಚ್ಚಿ ನೋಡಿ, ನಕ್ಷೆ ಮಡಚಿಟ್ಟರಂತೆ. ಸ್ವಲ್ಪ ಕಾಲದಲ್ಲೇ, ರೈಲಿನ ನೂಕಾಟ ಸಾಕಾಯಿತೆಂದು ಕೆಲಸ ಬಿಟ್ಟರು. ನಾವು ನಂಬಿದೆವು.

ಆಗ ನನಗೆ ಠಾಣೆಯ ಸಂಬಂಧವೊಂದು ಕುದುರಿತ್ತು. ಸ್ಟೇಷನ್ನಿನಲ್ಲಿ ಹುಡುಗನ ತಾಯಿ ಎದುರಿಗೇ ನಿಂತು ನಕ್ಕರೂ ಅಪ್ಪ ಸುಮ್ಮನೆ ದಾಟಿಹೋದರಂತೆ. ಹೆಣ್ಣಿನ ತಂದೆಗೆ ಇಷ್ಟು ಸೊಕ್ಕೇ ಎಂದು ಅವರು ಫೋನಿನಲ್ಲಿ ಕೇಳಿದಾಗ ನನಗೆ ಮುಖ ಎತ್ತಲಾಗಲಿಲ್ಲ. ಅಪ್ಪನನ್ನು ಕೇಳಿದೆ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಎದುರು ನಿಂತವರ ಮುಖ ಇರುವಲ್ಲಿ ಬರೀ ಕಪ್ಪು ಕಾಣುವುದು ಮಗಾ. ಸೊಕ್ಕು ಅಂತಲೇ ಇರಲಿ. ಕಣ್ಣಿನ ರೋಗ ಅಂತ ಗೊತ್ತಾದರೆ, ನಿನಗೂ ದಪ್ಪ ಕನ್ನಡಕ ಉಂಟಲ್ಲ, ಅವರು ಎಂತ ಹೇಳಿಯಾರು?"

ಮರುದಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುತ್ತ ಹೋದಂತೆ ಮೈನಸ್ ನಂಬರು ವಿಪರೀತ ಏರುತ್ತದಂತೆ. ಅಪ್ಪನ ಕಣ್ಣಿನ ಹಿಂಭಾಗ ಉಬ್ಬಿ, ಒಳಪರದೆ ಎಳೆದು ತೆಳ್ಳಗಾಗಿ, ನಟ್ಟನಡುವೆ ಹೊಸ ರಕ್ತನಾಳ ಸೋರಿ ಕಲೆ ನಿಂತಿತ್ತು. ಗೆರೆ ಬಾಗಿ ಕಂಡಾಗಲೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಸ್ವಲ್ಪವಾದರೂ ಉಳಿಸಬಹುದಿತ್ತು ಎಂದರು ಡಾಕ್ಟರು. ಅಪ್ಪ ತಲೆ ತಗ್ಗಿಸಿಯೇ, ಇವಳ ಕಣ್ಣೂ ನೋಡಿ ಎಂದರು.

ಠಾಣೆಯವರಿಗೆ ನಾನೇ ಹೇಳಿದೆ. ಮದುವೆ ನಿಲ್ಲಲಿಲ್ಲ. ಧಾರೆ ಎರೆದುಕೊಟ್ಟ ಅಪ್ಪ ಮಾತ್ರ, ಬಂದವರ ಗುರುತು ಹಿಡಿಯಲಾರದ ನಾಚಿಕೆಗೆ ಊಟದ ಮೊದಲೇ ಕೋಣೆ ಸೇರಿದರು.

ಹೋದ ವರ್ಷ ಅವರು ತೀರಿಕೊಂಡರು. ಮೊನ್ನೆ ನನ್ನ ಕಣ್ಣಿನ ತಪಾಸಣೆಗೆ ಹೋದಾಗ ಹೊಸ ಡಾಕ್ಟರು ನನ್ನ ಮೈನಸ್ ನಂಬರು ನೋಡಿ, ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ಪಕ್ಕದಲ್ಲಿ ನನ್ನ ಮಗಳು ತನ್ನ ಕನ್ನಡಕ ಒರೆಸುತ್ತ ಕೂತಿದ್ದಳು.

"ಅಪ್ಪನಿಗೆ" ಎಂದೆ, ತಗ್ಗಿದ ದನಿಯಲ್ಲಿ. ಡಾಕ್ಟರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.